ತಪ್ಪು ದಾರಿ ಹಿಡಿದರೂ ಸರಿ ಉತ್ತರ ಬಂದರೆ? ಓದುಗರ ಗಣಿತ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಿಕ್ಷಕರು ಮತ್ತು ಪಾಲಕರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು. 6ರಿಂದ 8ನೇ ತರಗತಿಯ ಟಿಪ್ಪಣಿ ಮತ್ತು ಅಭ್ಯಾಸದ ಹಾಳೆಗಳ ಬಗ್ಗೆಯೇ ಹೆಚ್ಚು ಪ್ರಶ್ನೆಗಳಿವೆ.

ಪ್ರಶ್ನೆ: 6ನೇ ತರಗತಿಗೆ ದಶಮಾಂಶಗಳ ಹೋಲಿಕೆ ಕಲಿಸಿ ಹತ್ತು ಲೆಕ್ಕದ ಹಾಳೆ ಕೊಟ್ಟಿದ್ದೆ. ಹೆಚ್ಚುಕಡಿಮೆ ಎಲ್ಲರೂ ಹತ್ತಕ್ಕೆ ಒಂಬತ್ತು, ಹತ್ತು ತೆಗೆದರು. ಎರಡು ವಾರ ಬಿಟ್ಟು ಪರೀಕ್ಷೆಯಲ್ಲಿ 0.8 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದರೆ ಅರ್ಧ ತರಗತಿ 0.35 ಎಂದು ಬರೆದಿದೆ. ಮರೆತರೋ, ಮೊದಲೇ ಗೊತ್ತಿರಲಿಲ್ಲವೋ? ಹಾಳೆಯನ್ನೂ ಲಗತ್ತಿಸಿದ್ದೇನೆ.
ಶಿಕ್ಷಕಿ, ಸಿಂದಗಿ ತಾಲೂಕು

ಉತ್ತರ: ಮರೆತಿಲ್ಲ. ಮೊದಲೇ ಗೊತ್ತಿರಲಿಲ್ಲ, ಆದರೆ ನಿಮ್ಮ ಹಾಳೆ ಅದನ್ನು ತೋರಿಸಿಕೊಡಲಿಲ್ಲ. ನೀವು ಕೊಟ್ಟ ಜೋಡಿಗಳನ್ನು ಇನ್ನೊಮ್ಮೆ ನೋಡಿ: 3.25 ಮತ್ತು 3.1, 7.45 ಮತ್ತು 7.2, 0.68 ಮತ್ತು 0.5. ಪ್ರತಿ ಜೋಡಿಯಲ್ಲೂ ಉದ್ದನೆಯ ಸಂಖ್ಯೆಯೇ ದೊಡ್ಡದು. ‘ಬಿಂದುವಿನ ಆಚೆ ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು’ ಎಂದು ನಂಬಿದ ಮಗುವಿಗೂ ಹತ್ತಕ್ಕೆ ಹತ್ತು ಸಿಗುತ್ತದೆ. ಮಗು ತನ್ನ ತಪ್ಪು ನಿಯಮವನ್ನು ಹತ್ತು ಸಲ ಅಭ್ಯಾಸ ಮಾಡಿತು, ಹತ್ತು ಸಲವೂ ನೀವು ಸರಿ ಗುರುತು ಹಾಕಿದಿರಿ.

ಈ ಪಾಠದಲ್ಲಿ ಮಕ್ಕಳು ಹಿಡಿಯುವ ತಪ್ಪು ದಾರಿಗಳು ಮುಖ್ಯವಾಗಿ ಮೂರು. ಉದ್ದವಿದ್ದದ್ದು ದೊಡ್ಡದು ಎನ್ನುವುದು ಒಂದು. 35 ಎಂಬುದು 8ಕ್ಕಿಂತ ದೊಡ್ಡದಲ್ಲವೇ ಎಂಬ ಪೂರ್ಣಸಂಖ್ಯೆಯ ಯೋಚನೆ ಅದು. ಎರಡನೆಯದು ಇದಕ್ಕೆ ತಿರುಗಾಮುರುಗಾ: ಶತಾಂಶ ಎಂದರೆ ಸಣ್ಣ ತುಣುಕು, ಆದ್ದರಿಂದ ಶತಾಂಶ ಇರುವ ಸಂಖ್ಯೆಯೇ ಸಣ್ಣದು ಎನ್ನುವುದು. ಭಿನ್ನರಾಶಿ ಪಾಠ ಚೆನ್ನಾಗಿ ಕೇಳಿಸಿಕೊಂಡ ಮಕ್ಕಳೇ ಈ ತಪ್ಪು ಮಾಡುತ್ತಾರೆ. ಮೂರನೆಯದು ಬಿಂದುವಿನ ಪಕ್ಕದ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು, ಇವರಿಗೆ 0.06 ಮತ್ತು 0.6 ಎರಡೂ ಒಂದೇ.

ಹಾಳೆಯಲ್ಲಿ ಈ ನಾಲ್ಕು ಜೋಡಿ ಇದ್ದರೆ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಗೊತ್ತಾಗುತ್ತದೆ. 0.8 ಮತ್ತು 0.35: ಇಲ್ಲಿ ಮೊದಲ ಗುಂಪು ತಪ್ಪುತ್ತದೆ, ಎರಡನೆಯ ಗುಂಪು ಸರಿ ಉತ್ತರ ಬರೆದು ನುಸುಳಿಹೋಗುತ್ತದೆ. 0.4 ಮತ್ತು 0.47: ಇಲ್ಲಿ ಎರಡನೆಯ ಗುಂಪು ಸಿಕ್ಕಿಬೀಳುತ್ತದೆ. 0.06 ಮತ್ತು 0.5: ಸೊನ್ನೆ ಬಿಡುವವರಿಗೆ. ನಾಲ್ಕನೆಯದು 519.6 ಮತ್ತು 519.60. ಇದು ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ, ಮೀಟರ್‌ಗಳಲ್ಲಿ; ಮಳೆಗಾಲದಲ್ಲಿ ನಿಮ್ಮ ಮಕ್ಕಳು ಪತ್ರಿಕೆಯಲ್ಲಿ ನೋಡುವ ಸಂಖ್ಯೆ. ಎರಡೂ ಸಮ ಎಂದು ಬರೆದವರಿಗೆ ಮಾತ್ರ ವಿಷಯ ತಿಳಿದಿದೆ. ಆಮೇಲೆ ಬಾಯಿಮಾತಿನಲ್ಲಿ ಕೇಳಿ: ನೀರಿನ ಮಟ್ಟ 519.06 ಇದ್ದರೆ ಡ್ಯಾಮ್ ತುಂಬಲು ಇನ್ನೆಷ್ಟು ಬೇಕು? 0.54 ಮೀಟರ್, ಅಂದರೆ 54 ಸೆಂ.ಮೀ. ಸೊನ್ನೆಯನ್ನು ಬಿಟ್ಟವರು ‘ತುಂಬೇತ್ರಿ’ ಎನ್ನುತ್ತಾರೆ.

ಓದುವ ರೀತಿಯೂ ಈ ತಪ್ಪಿಗೆ ನೀರೆರೆಯುತ್ತದೆ. 3.25 ಅನ್ನು ‘ಮೂರು ಪಾಯಿಂಟ್ ಇಪ್ಪತ್ತೈದು’ ಎಂದು ಓದಿದರೆ ಮಗುವಿನ ಕಿವಿಗೆ ಬೀಳುವುದು ಇಪ್ಪತ್ತೈದು. ‘ಮೂರು ಪಾಯಿಂಟ್ ಎರಡು ಐದು’ ಎಂದೇ ಓದಿ, ಓದಿಸಿ. ದುಡ್ಡಿನ ಉದಾಹರಣೆ ಇಲ್ಲಿ ಅಷ್ಟಾಗಿ ಉಪಯೋಗವಿಲ್ಲ, ಏಕೆಂದರೆ ಪೈಸೆ ಯಾವಾಗಲೂ ಎರಡಂಕಿಯಲ್ಲೇ ಇರುತ್ತದೆ, ಉದ್ದ ಗಿಡ್ಡದ ತೊಡಕು ಎದುರಾಗುವುದೇ ಇಲ್ಲ. ಟೇಲರ್ ಟೇಪು ಒಳ್ಳೆಯದು: 0.8 ಮೀಟರ್ ಎಂದರೆ 80 ಸೆಂ.ಮೀ., 0.35 ಎಂದರೆ 35. ಕ್ರಿಕೆಟ್ ಓವರನ್ನಂತೂ ಈ ಪಾಠದ ಹತ್ತಿರ ತರಬೇಡಿ. ಅಲ್ಲಿ 4.5 ಎಂದರೆ ನಾಲ್ಕು ಓವರ್ ಐದು ಎಸೆತ, ಅಂದರೆ ನಾಲ್ಕೂ ಆರರಲ್ಲಿ ಐದು ಭಾಗ. ಅದು ದಶಮಾಂಶವೇ ಅಲ್ಲ.

ಇದೇ ದೋಷ ಬೇರೆ ಪಾಠಗಳ ಹಾಳೆಗಳಲ್ಲೂ ಇದೆ, ಎಲ್ಲ ಶಿಕ್ಷಕರೂ ಒಮ್ಮೆ ತಮ್ಮ ಹಾಳೆ ತೆಗೆದು ನೋಡಬೇಕು. ಬಾಹು 4 ಇರುವ ಚೌಕದ ಸುತ್ತಳತೆಯೂ 16, ವಿಸ್ತೀರ್ಣವೂ 16. ಉದ್ದ 6, ಅಗಲ 3 ಇರುವ ಆಯತದಲ್ಲಿ ಎರಡೂ 18. ತ್ರಿಜ್ಯ 2 ಇರುವ ವೃತ್ತದಲ್ಲಿ ಪರಿಧಿ, ವಿಸ್ತೀರ್ಣ ಎರಡಕ್ಕೂ ಒಂದೇ ಸಂಖ್ಯೆ ಬರುತ್ತದೆ. ಸೂತ್ರ ಅದಲುಬದಲಾದರೂ ಉತ್ತರ ಸರಿಯೇ. ಘಾತಾಂಕ ಕಲಿಸುವಾಗ 2ರ ಘಾತ 2 ಮೊದಲ ಉದಾಹರಣೆಯಾಗಿ ಬೇಡ. 2 × 2 ಎಂದು ಘಾತವನ್ನೇ ಗುಣಿಸಿದ ಮಗುವಿಗೂ 4 ಬರುತ್ತದೆ. 5ರ ಘಾತ 3 ಕೊಡಿ: ಸರಿ ಇದ್ದರೆ 125, ಘಾತವನ್ನೇ ಗುಣಿಸಿದ್ದರೆ 15. ಸೋಡಿಯ ಲೆಕ್ಕದಲ್ಲಿ ಶೇ 50 ಬೇಡ. ಬಿಟ್ಟ ದುಡ್ಡು, ಕೊಡಬೇಕಾದ ದುಡ್ಡು ಎರಡೂ ಒಂದೇ ಆಗಿ, ಕೇಳಿದ್ದು ಯಾವುದು ಎಂದು ಮಗು ಓದಿತೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಹಾಳೆ ಬರೆದ ಮೇಲೆ ಅದನ್ನು ಬೇಕೆಂದೇ ತಪ್ಪು ವಿಧಾನದಿಂದ ಒಮ್ಮೆ ಬಿಡಿಸಿ. ಸರಿ ಉತ್ತರ ಬಂದ ಲೆಕ್ಕದ ಸಂಖ್ಯೆ ಬದಲಿಸಿ.

ಪ್ರಶ್ನೆ: 40 ನಿಮಿಷದ ಅವಧಿಯಲ್ಲಿ ಬೋರ್ಡಿನ ಮೇಲಿನ ನೋಟ್ಸ್ ಇಳಿಸಿಕೊಳ್ಳಲಿಕ್ಕೇ 20–25 ನಿಮಿಷ ಹೋಗುತ್ತದೆ. ಬರೆಸದಿದ್ದರೆ ಪಾಲಕರು ಕೇಳುತ್ತಾರೆ. 7ನೇ ತರಗತಿಯ ಸರಳ ಸಮೀಕರಣಕ್ಕೆ ಎಷ್ಟು ಬರೆಸಬೇಕು, ಹೇಗೆ ಬರೆಸಬೇಕು?
ಶಿಕ್ಷಕರು, ಮುಧೋಳ

ಉತ್ತರ: ಪಠ್ಯಪುಸ್ತಕದಲ್ಲಿ ಇರುವ ವ್ಯಾಖ್ಯೆಯನ್ನು ನೋಟ್‌ಬುಕ್ಕಿಗೆ ಇಳಿಸಬೇಡಿ. ಅದು ಈಗಾಗಲೇ ಮಗುವಿನ ಪಾಟಿಚೀಲದಲ್ಲಿದೆ. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಹೊಡೆಸಿ. ಎಡಗಡೆ ನೀವು ಬಿಡಿಸಿದ ಒಂದು ಲೆಕ್ಕ, ಬಲಗಡೆ ಅದೇ ಜಾತಿಯ ಇನ್ನೊಂದು, ಮಗು ಬಿಡಿಸಬೇಕಾದದ್ದು. ಗೊತ್ತಿಲ್ಲದ ಸಂಖ್ಯೆಗೆ ‘ಕ’ ಎಂದಿಟ್ಟುಕೊಂಡರೆ ಎಡಗಡೆಯ ಲೆಕ್ಕ ಹೀಗಿರಲಿ:

3(ಕ − 3) + 5 = 20
3ಕ − 9 + 5 = 20 (3ರಿಂದ ಕಂಸದ ಎರಡೂ ಪದಗಳನ್ನು ಗುಣಿಸಿದೆ)
3ಕ − 4 = 20 (−9 ಮತ್ತು +5 ಕೂಡಿಸಿದೆ)
3ಕ = 24 (ಎರಡೂ ಕಡೆ 4 ಕೂಡಿಸಿದೆ)
ಕ = 8 (ಎರಡೂ ಕಡೆ 3ರಿಂದ ಭಾಗಿಸಿದೆ)
ತಾಳೆ: 3(8 − 3) + 5 = 15 + 5 = 20

ಕಂಸದಲ್ಲಿ ಬರೆದ ಕಾರಣಗಳೇ ನಿಜವಾದ ನೋಟ್ಸ್. ‘ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ’ ಎಂಬ ಒಂದೇ ಸಾಲು ಬರೆಸಿದರೆ ಮಗು 3ಕ = 24 ಎಂಬಲ್ಲಿ 3ನ್ನೂ ದಾಟಿಸಿ ಕ = 24 − 3 = 21 ಎಂದು ಬರೆಯುತ್ತದೆ. ಎರಡೂ ಕಡೆ ಏನು ಮಾಡಿದೆ ಎಂದು ಬರೆಯುವ ರೂಢಿ ಇದ್ದವರು ಅಲ್ಲಿ ನಿಂತು ಯೋಚಿಸುತ್ತಾರೆ. ಪಕ್ಷಾಂತರ ಎಂಬ ಅಡ್ಡದಾರಿ ಮೂರು ವಾರ ಬಿಟ್ಟು ಬರಲಿ.

ಬಲಗಡೆಯ ಲೆಕ್ಕಗಳನ್ನು ಕ್ರಮವಾಗಿ ಬರಿದು ಮಾಡುತ್ತ ಹೋಗಿ. ಮೊದಲನೆಯದರಲ್ಲಿ ಕೊನೆಯ ಹೆಜ್ಜೆ ಮಾತ್ರ ಬಿಟ್ಟಿರಲಿ, ಎರಡನೆಯದರಲ್ಲಿ ಕೊನೆಯ ಎರಡು, ಮೂರನೆಯದರಲ್ಲಿ ಪ್ರಶ್ನೆ ಮಾತ್ರ. ಒಂದು ಅವಧಿಗೆ ಬಿಡಿಸಿದ್ದು ಎರಡು, ಬಿಡಿಸಬೇಕಾದದ್ದು ಮೂರು ಸಾಕು. ಬರೆಯುವ ಸಮಯ ಹತ್ತು ನಿಮಿಷಕ್ಕೆ ಇಳಿಯುತ್ತದೆ. ನೋಟ್‌ಬುಕ್ ತೆರೆದ ಪಾಲಕರಿಗೂ ಮಗು ಬರೆದದ್ದು ಯಾವುದು, ಬೋರ್ಡಿನದು ಯಾವುದು ಎಂದು ಕಾಣುತ್ತದೆ.

ಮೇಲಿನ ಲೆಕ್ಕದಲ್ಲಿ ಕಂಸದೊಳಗೆ 3 ಇಟ್ಟಿದ್ದಕ್ಕೆ ಕಾರಣವಿದೆ. ಮಕ್ಕಳು ಕಂಸದ ಮೊದಲ ಪದವನ್ನಷ್ಟೇ ಗುಣಿಸಿ 3ಕ − 3 + 5 = 20 ಎಂದು ಬರೆಯುವುದು ದಿನನಿತ್ಯದ ತಪ್ಪು. ಆಗ 3ಕ = 18, ಕ = 6 ಬರುತ್ತದೆ. ಪೂರ್ಣಸಂಖ್ಯೆ ಬಂದಿದ್ದರಿಂದ ಮಗುವಿಗೆ ಅನುಮಾನ ಬರುವುದಿಲ್ಲ; ತಾಳೆ ನೋಡಿದರೆ 3(6 − 3) + 5 = 14 ಬಂದು ತಪ್ಪು ಬಯಲಾಗುತ್ತದೆ. ಕಂಸದೊಳಗೆ 3ರ ಬದಲು 2 ಇಟ್ಟಿದ್ದರೆ ತಪ್ಪು ದಾರಿಯಲ್ಲಿ 17/3 ಬರುತ್ತಿತ್ತು, ಮಗು ‘ಭಿನ್ನರಾಶಿ ಬಂತು, ಎಲ್ಲೋ ತಪ್ಪಿದೆ’ ಎಂದು ಊಹಿಸಿ ಅಳಿಸಿಬಿಡುತ್ತಿತ್ತು. ತಾಳೆ ನೋಡುವ ರೂಢಿ ಬೆಳೆಯುವುದು ಉತ್ತರ ನೋಡಲು ಚೆಂದವಿದ್ದೂ ತಪ್ಪಾಗಿರುವಾಗ. ಕಂಸದ ಒಳಗಿನ ಸಂಖ್ಯೆ ಹೊರಗಿನ ಸಂಖ್ಯೆಯ ಅಪವರ್ತ್ಯವಾಗಿರಲಿ. 2(ಕ − 4), 3(ಕ − 6), 5(ಕ − 5) ಹೀಗೆ.

ಪ್ರಶ್ನೆ: 7ನೇ ತರಗತಿಯ ಮಗಳು −3 − 5 = 8 ಎಂದು ಬರೆಯುತ್ತಾಳೆ. ತಪ್ಪು ಎಂದರೆ ‘ಮೈನಸ್ ಮೈನಸ್ ಪ್ಲಸ್ ಅಲ್ಲೇನಪ್ಪಾ’ ಎಂದು ನನಗೇ ಕೇಳುತ್ತಾಳೆ. ಏನು ಹೇಳಲಿ?
ಪಾಲಕರು, ಗೋಕಾಕ

ಉತ್ತರ: ಅವಳು ಹೇಳುವ ಮಾತು ಅರ್ಧ ಮಾತು, ಆದ್ದರಿಂದ ಅವಳ ತಪ್ಪು ಅಷ್ಟಿಲ್ಲ. ಎರಡು ಋಣ ಸಂಖ್ಯೆಗಳನ್ನು ಗುಣಿಸಿದರೆ ಅಥವಾ ಭಾಗಿಸಿದರೆ ಉತ್ತರ ಧನ. ಋಣ ಸಂಖ್ಯೆಯನ್ನು ಕಳೆದರೆ ಕೂಡಿಸಿದಂತೆ. ಈ ಎರಡು ಬೇರೆ ಬೇರೆ ಮಾತುಗಳನ್ನು ಒಂದೇ ಉಸಿರಿನಲ್ಲಿ ‘ಮೈನಸ್ ಮೈನಸ್ ಪ್ಲಸ್’ ಎಂದು ಬಾಯಿಪಾಠ ಮಾಡಿಸಿದ್ದರಿಂದ, ಸಾಲಿನಲ್ಲಿ ಎರಡು ಅಡ್ಡಗೆರೆ ಕಂಡಲ್ಲೆಲ್ಲ ಅವಳು ಅದನ್ನು ಹಚ್ಚುತ್ತಾಳೆ.

ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಹೇಳಿ. 3 ರೂಪಾಯಿ ಉದ್ರಿ ಇತ್ತು, ಇನ್ನೂ 5 ರೂಪಾಯಿ ಸಾಮಾನು ಉದ್ರಿ ತಂದೆವು: −3 − 5, ಒಟ್ಟು 8 ಉದ್ರಿ, ಅಂದರೆ −8. ಋಣ ಸಂಖ್ಯೆಯನ್ನು ಕಳೆಯುವುದಕ್ಕೂ ಇದೇ ಖಾತೆ ಸಾಕು: ನಮ್ಮ ಹೆಸರಿನಲ್ಲಿ ತಪ್ಪಾಗಿ ಬರೆದಿದ್ದ 5 ರೂಪಾಯಿ ಉದ್ರಿಯನ್ನು ಅಂಗಡಿಯವರು ಹೊಡೆದುಹಾಕಿದರೆ ನಮ್ಮ ಲೆಕ್ಕ 5 ರೂಪಾಯಿ ಮೇಲೇರುತ್ತದೆ. ಆದರೆ ಗುಣಾಕಾರಕ್ಕೆ ಉದ್ರಿಯನ್ನು ಎಳೆದು ತರಬೇಡಿ, ಉದ್ರಿಯನ್ನು ಉದ್ರಿಯಿಂದ ಗುಣಿಸುವುದಕ್ಕೆ ಅರ್ಥವೇ ಇಲ್ಲ. ಅಲ್ಲಿಗೆ ಸರಣಿ ಸಾಕು: 2 × (−5) = −10, 1 × (−5) = −5, 0 × (−5) = 0. ಪ್ರತಿ ಸಲ 5 ಹೆಚ್ಚುತ್ತಿದೆ. ಮುಂದಿನದು (−1) × (−5), ಅದು 5 ಆಗಲೇಬೇಕು.

ಅಭ್ಯಾಸಕ್ಕೆ ಒಂದೇ ಜೋಡಿ ಸಂಖ್ಯೆ ಹಿಡಿದು ಚಿಹ್ನೆ ಮಾತ್ರ ಬದಲಿಸಿ: −3 − 5, −3 + 5, −3 − (−5), 3 − (−5), (−3) × (−5), 3 × (−5). ಉತ್ತರ −8, 2, 2, 8, 15, −15. ಬಿಡಿಸುವ ಮೊದಲು ಪಕ್ಕದಲ್ಲಿ ‘ಕೂಡುವುದು’, ‘ಕಳೆಯುವುದು’, ‘ಗುಣಿಸುವುದು’ ಎಂದು ಅಕ್ಷರದಲ್ಲಿ ಬರೆಯಲಿ. ಸಂಖ್ಯೆಗೆ ಅಂಟಿದ ಋಣ ಚಿಹ್ನೆಯನ್ನು ಕೆಂಪು ಪೆನ್ನಿನಲ್ಲಿ, ಕಳೆಯುವ ಚಿಹ್ನೆಯನ್ನು ನೀಲಿಯಲ್ಲಿ ಬರೆದರೆ ಇನ್ನೂ ಒಳ್ಳೆಯದು. ದಿನಕ್ಕೆ ಆರು ಲೆಕ್ಕ, ಹತ್ತು ದಿನ.

ಪ್ರಶ್ನೆ: ಭಿನ್ನರಾಶಿಗೆ ರೊಟ್ಟಿಯ ಚಿತ್ರ ಬರೆದು ತೋರಿಸುತ್ತೇನೆ. ಆದರೂ 1/2 + 1/3 = 2/5 ಎನ್ನುವುದು ತಪ್ಪುತ್ತಿಲ್ಲ. ಖರ್ಚಿಲ್ಲದ ಸಾಮಗ್ರಿ ಏನಾದರೂ ತಿಳಿಸಿ.
ಶಿಕ್ಷಕಿ, ಹುನಗುಂದ ತಾಲೂಕು

ಉತ್ತರ: ರೊಟ್ಟಿಯನ್ನು ಅರ್ಧ, ಕಾಲು ಮಾಡುವುದು ಸುಲಭ, ಮೂರು, ಐದು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ತುಂಡುಗಳು ಸಮ ಇರದಿದ್ದರೆ ‘ಮೂರು ತುಂಡಾದರೆ ಆಯಿತು, ಮೂರರಲ್ಲೊಂದು’ ಎಂದು ಮಕ್ಕಳು ತಿಳಿಯುತ್ತಾರೆ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಏಳು ಪಟ್ಟಿ ಕತ್ತರಿಸಿ. ಒಂದನ್ನು ಹಾಗೆಯೇ ಇಡಿ. ಉಳಿದವನ್ನು 2, 3, 4, 6, 8, 12 ಭಾಗ ಮಾಡಿದರೆ ತುಂಡುಗಳು 12, 8, 6, 4, 3, 2 ಸೆಂ.ಮೀ. ಆಗುತ್ತವೆ, ಎಲ್ಲೂ ಉಳಿಕೆ ಇಲ್ಲ. ಗುರುತು ಹಾಕುವಾಗ ಪ್ರತಿ ತುಂಡನ್ನೂ ಹೊಸದಾಗಿ ಅಳೆಯದೆ ಸ್ಕೇಲನ್ನು ಒಂದೇ ತುದಿಯಿಂದ ಇಟ್ಟು 2, 4, 6, 8 ಎಂದು ಒಟ್ಟಿಗೆ ಗುರುತಿಸಿ. ಇಲ್ಲವಾದರೆ ಪೆನ್ಸಿಲ್ ಗೆರೆಯ ದಪ್ಪ ಹನ್ನೆರಡು ಸಲ ಸೇರಿ ಕೊನೆಯ ತುಂಡು ಗಿಡ್ಡವಾಗುತ್ತದೆ.

ಈಗ 1/2 ಮತ್ತು 1/3ರ ತುಂಡು ತುದಿಗೆ ತುದಿ ಕೂಡಿಸಿ ಇಡಲಿ. 12 ಮತ್ತು 8, ಒಟ್ಟು 20 ಸೆಂ.ಮೀ. ಅದನ್ನು ಒಂದೇ ಅಳತೆಯ ತುಂಡುಗಳಿಂದ ಸರಿಯಾಗಿ ಮುಚ್ಚಿ ಎಂದರೆ, ಹುಡುಕಾಡಿ 4 ಸೆಂ.ಮೀ.ನ ಐದು ತುಂಡು ಇಡುತ್ತಾರೆ. ಅದೇ 5/6. ಆಮೇಲೆ 2/5 ಎಂಬ ಉತ್ತರಕ್ಕೆ ಬನ್ನಿ: 24ರ 2/5 ಎಂದರೆ 9.6 ಸೆಂ.ಮೀ. ಅರ್ಧದ ತುಂಡೊಂದೇ 12 ಇದೆ. ಅರ್ಧಕ್ಕೆ ಇನ್ನಷ್ಟು ಕೂಡಿಸಿದರೆ ಅರ್ಧಕ್ಕಿಂತ ಕಡಿಮೆ ಬರುವುದು ಹೇಗೆ? ಈ ಪ್ರಶ್ನೆಯನ್ನು ಕೇಳಿ ಸುಮ್ಮನಿರಿ, ಉತ್ತರವನ್ನು ಅವರೇ ಹೇಳಲಿ.

ಐದು, ಹತ್ತರ ಭಾಗಕ್ಕೆ 30 ಸೆಂ.ಮೀ. ಪಟ್ಟಿ ಬೇಕು. ಅದರ ಬಣ್ಣ ಬೇರೆ ಇರಲಿ, ಡಬ್ಬಿಯೂ ಬೇರೆ ಇರಲಿ. ಎರಡು ಗಾತ್ರದ ತುಂಡುಗಳು ಬೆರೆತರೆ ‘ಇಡೀ’ ಯಾವುದು ಎಂಬುದೇ ಕೆಡುತ್ತದೆ.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮ, ಆದರೆ ಹಲವು ಮಕ್ಕಳ ಮನೆಮಾತು ಮರಾಠಿ. ಸಂಖ್ಯೆ ಹೇಳಿ ಬರೆಸಿದರೆ ಅಂಕಿ ತಿರುವುಮುರುವು ಆಗುತ್ತದೆ.
ಶಿಕ್ಷಕರು, ಖಾನಾಪುರ ತಾಲೂಕು

ಉತ್ತರ: ಅದು ಅಲಕ್ಷ್ಯವಲ್ಲ, ಎರಡು ಭಾಷೆಗಳು ಸಂಖ್ಯೆ ಹೇಳುವ ಕ್ರಮವೇ ಬೇರೆ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು. 39ಕ್ಕೆ ಮರಾಠಿಯಲ್ಲಿ ‘ಏಕೋಣಚಾಳೀಸ’, ನಲವತ್ತಕ್ಕೆ ಒಂದು ಕಡಿಮೆ. ಅವಧಿಯ ಮೊದಲ ಐದು ನಿಮಿಷ 25–52, 36–63, 39–93ರಂಥ ಜೋಡಿಗಳನ್ನು ಹೇಳಿ ಬರೆಸಿ, ಎರಡು ಭಾಷೆಯಲ್ಲೂ ಓದಿಸಿ. ಪಾರಿಭಾಷಿಕ ಪದಗಳಲ್ಲಿ ಅಂಶ, ಛೇದ ಎರಡೂ ಕಡೆ ಒಂದೇ, ಅದನ್ನು ಬಳಸಿಕೊಳ್ಳಿ. ಭಿನ್ನರಾಶಿಗೆ ಅವರ ಮನೆಯಲ್ಲಿ ‘ಅಪೂರ್ಣಾಂಕ’, ಶೇಕಡಾಕ್ಕೆ ‘ಟಕ್ಕೆ’ ಎನ್ನುತ್ತಾರೆ. ‘ದಶಾಂಶ’ ಎಂಬಲ್ಲಿ ಎಚ್ಚರ ಬೇಕು: ಮರಾಠಿಯಲ್ಲಿ ಅದು ದಶಮಾಂಶ ಪದ್ಧತಿಗೇ ಹೆಸರು, ನಾವು ಹತ್ತರಲ್ಲೊಂದು ಭಾಗಕ್ಕೆ ಹೇಳುತ್ತೇವೆ. ಗೋಡೆಯ ಮೇಲೆ ಹದಿನೈದು ಪದಗಳ ದ್ವಿಭಾಷಾ ಪಟ್ಟಿ ಹಚ್ಚಿದರೆ ವರ್ಷಪೂರ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: 56 ಮಕ್ಕಳು. ಝೆರಾಕ್ಸ್ ಖರ್ಚು, ತಿದ್ದುವ ಸಮಯ ಎರಡೂ ಹೊಂದುವುದಿಲ್ಲ.
ಶಿಕ್ಷಕರು, ಅಥಣಿ

ಉತ್ತರ: ಎ4 ಹಾಳೆಯ ಅರ್ಧಕ್ಕೆ ಎಂಟು ಲೆಕ್ಕ, ಇನ್ನರ್ಧಕ್ಕೆ ಅದೇ ಎಂಟು. ಅಡ್ಡ ಕತ್ತರಿಸಿದರೆ 56 ಮಕ್ಕಳಿಗೆ 28 ಹಾಳೆ. ಉತ್ತರ ನೋಟ್‌ಬುಕ್ಕಿನಲ್ಲಿ ಬರೆಯಲಿ, ಆಗ ಅದೇ ಹಾಳೆ ಮುಂದಿನ ವರ್ಷಕ್ಕೂ ಬರುತ್ತದೆ. ಎಂಟರಲ್ಲಿ ನಾಲ್ಕು ಇಂದಿನ ಪಾಠದ್ದು, ಎರಡು ಹೋದ ವಾರದ್ದು, ಎರಡು ಹೋದ ತಿಂಗಳದ್ದು, ಎಲ್ಲ ಕಲಸಿ. ಎಂಟೂ ಒಂದೇ ಪಾಠದ್ದಾದರೆ ಯಾವ ವಿಧಾನ ಹಚ್ಚಬೇಕು ಎಂಬ ಯೋಚನೆಯೇ ಬೇಕಿಲ್ಲ; ಪರೀಕ್ಷೆಯಲ್ಲಿ ಬೇಕಾಗುವುದು ಅದೇ.

ತಿದ್ದಲು ಎಂಟರಲ್ಲಿ ಎರಡನ್ನು ನೀವು ಆರಿಸಿಕೊಳ್ಳಿ, ಯಾವುದೆಂದು ಮೊದಲೇ ಹೇಳಬೇಡಿ. ಉಳಿದ ಆರಕ್ಕೆ ಬೋರ್ಡಿನ ಮೇಲೆ ಉತ್ತರ ಬರೆದು ಅವರೇ ನೋಡಿಕೊಳ್ಳಲಿ. ನೋಟ್‌ಬುಕ್ಕುಗಳನ್ನು ಮೂರು ಗುಡ್ಡೆ ಮಾಡಿ: ಸರಿ ಇದ್ದವು, ವಿಧಾನ ಸರಿ ಇದ್ದು ಲೆಕ್ಕ ತಪ್ಪಿದವು, ವಿಧಾನವೇ ತಪ್ಪಿದವು. ಮೂರನೆಯ ಗುಡ್ಡೆಯಲ್ಲಿ ಒಂದೇ ತಪ್ಪು ಉತ್ತರ ಬರೆದವರನ್ನು ಒಟ್ಟಿಗೆ ಇಡಿ. ಅತಿ ಹೆಚ್ಚು ಜನ ಬರೆದ ತಪ್ಪು ಉತ್ತರವನ್ನು ಮರುದಿನ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಬರೆದು ಪಾಠ ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ವೃತ್ತದ ಪಾಠಕ್ಕೆ ಗೋಳಗುಮ್ಮಟ ಉದಾಹರಣೆ ಕೊಡಬಹುದೇ?
ಶಿಕ್ಷಕಿ, ವಿಜಯಪುರ

ಉತ್ತರ: ಕೊಡಬಹುದು, ಆದರೆ ಮೊದಲು ಕೈಗೆ ಸಿಗುವ ವಸ್ತು. ಸ್ಟೀಲ್ ಡಬ್ಬಿಗೆ ದಾರವನ್ನು ಒತ್ತಾಗಿ ಹತ್ತು ಸುತ್ತು ಸುತ್ತಿ, ಬಿಚ್ಚಿ ಅಳೆದು ಹತ್ತರಿಂದ ಭಾಗಿಸಿ. ವ್ಯಾಸಕ್ಕೆ ಡಬ್ಬಿಯನ್ನು ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿ, ಪುಸ್ತಕಗಳ ನಡುವಿನ ಅಂತರ ಅಳೆಯಿರಿ. ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ 3.1ರಿಂದ 3.2ರ ಆಸುಪಾಸು ಬರಬೇಕು. 3.4 ಬಂದಿದ್ದರೆ ದಾರ ಸಡಿಲ ಇತ್ತು, ಇಲ್ಲವೇ ಪುಸ್ತಕ ಬಿಟ್ಟು ಡಬ್ಬಿಯ ಮೇಲೆಯೇ ಸ್ಕೇಲಿಟ್ಟು ಅಳೆದಿದ್ದಾರೆ, ಅದು ನಡುವೆ ಹಾಯದೆ ಬದಿಯಲ್ಲಿ ಹಾಯ್ದಿದೆ.

ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. 44ನ್ನು 7 ಭಾಗಿಸುವುದಿಲ್ಲ ಎಂಬುದೇ ಇಲ್ಲಿನ ಅನುಕೂಲ. ಲೆಕ್ಕಗಳಲ್ಲಿ ಯಾವಾಗಲೂ 7, 14, 21 ಕಂಡ ಮಕ್ಕಳು ವ್ಯಾಸ ಎಂದರೆ 7ರ ಅಪವರ್ತ್ಯವೇ ಇರಬೇಕು ಎಂದುಕೊಂಡಿರುತ್ತಾರೆ. ಪರಿಧಿ 22/7 × 44, ಸುಮಾರು 138 ಮೀಟರ್. ಅಷ್ಟು ವ್ಯಾಸದ ವೃತ್ತದ ವಿಸ್ತೀರ್ಣಕ್ಕೆ ತ್ರಿಜ್ಯ 22 ಹಿಡಿಯಬೇಕು: 22/7 × 22 × 22, ಸುಮಾರು 1521 ಚದರ ಮೀಟರ್. 44ನ್ನೇ ತ್ರಿಜ್ಯವೆಂದು ಹಿಡಿದವರಿಗೆ ಸುಮಾರು 6085 ಬರುತ್ತದೆ. ಆಗ ವೃತ್ತದ ಸುತ್ತ 44 ಮೀಟರ್ ಬಾಹುವಿನ ಚೌಕ ಬರೆಸಿ. ಚೌಕವೇ 44 × 44 = 1936 ಚದರ ಮೀಟರ್ ಇದೆ, ಅದರೊಳಗಿನ ವೃತ್ತ ಅದಕ್ಕಿಂತ ದೊಡ್ಡದಾಗಲು ಸಾಧ್ಯವೇ ಎಂದು ಕೇಳಿ.